ತುಳಸಿಯ ಬಳಗದವಳ ನಿಧನ

ಪೂರ್ಣ ಹೆಸರು ಸಾಲ್ವಿಯಾ ಗ್ರೆಗ್ಗಿ. ವಯಸ್ಸು ಎರಡು ವರ್ಷ ನಾಲ್ಕು ತಿಂಗಳು. ಜನನ ನಾಸಿಕದ ನರ್ಸರಿಯಲ್ಲಿ, ವಾಸ ಔರಂಗಾಬಾದಿನ ನಮ್ಮ ಬ್ಯಾಂಕ್ ಕಾಲೊನಿಯ ಅಂಗಳದಲ್ಲಿ. ಕುಲ, ತುಳಸಿಯ ಕುಲ. ಈ ಕೊನೆಯ ವಿವರವನ್ನು ನಾನು ಬಾಯಿಬಿಡದಿದ್ದರೆ ಆಕೆ ಇಂದಿಗೂ ಕೆಂಪು ಹೂ ಮುಡಿದು ನಿಂತಿರುತ್ತಿದ್ದಳು.

ನೀರು ಬೇಡದ ಗಿಡ. ದಿನ ಬಿಟ್ಟು ದಿನ ನಲ್ಲಿ ಬರುವ ಊರಿನಲ್ಲಿ ಇದಕ್ಕಿಂತ ದೊಡ್ಡ ಸದ್ಗುಣವುಂಟೆ? ೧೯೮೮ರ ಏಪ್ರಿಲ್ಲಿನಲ್ಲಿ ನಡೆಯಲಿದ್ದ ಕಾಲೊನಿಯ ತೋಟದ ಸ್ಪರ್ಧೆಯಲ್ಲಿ ಬಹುಮಾನ ನನ್ನದೇ ಎಂದು ನಿಶ್ಚಯಿಸಿದ್ದೆ. (ಹಿಂದಿನ ನಾಲ್ಕೂ ವರ್ಷ ಅದು ಎದುರುಮನೆಯ ಬೀದರಿನ ಪ್ರೇಮಾಬಾಯಿಯ ಪಾಲಾಗಿತ್ತು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.)

ಮೂವತ್ತೆಂಟನೆಯ ವಯಸ್ಸಿನಲ್ಲಿ ಸಂಜೆಶಾಲೆಯ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ಮುಗಿಸಿದವಳು ನಾನು. ತಿಳಿದದ್ದನ್ನು ಹೇಳದೆ ಬಿಡುವುದು ನನ್ನ ಜಾಯಮಾನವಲ್ಲ. ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಬಂದವರಿಗೆಲ್ಲ ಎಳ್ಳುಂಡೆಯ ಜೊತೆಗೆ ಈ ಗಿಡದ ವಂಶಾವಳಿಯನ್ನೂ ಹಂಚಿದೆ.

ಮರುದಿನ ಬೆಳಿಗ್ಗೆ ಪ್ರೇಮಾಬಾಯಿ ತಂಬಿಗೆ ಹಿಡಿದು ಬಂದರು. ಅವರ ಹಿಂದೆ ಇಡೀ ಸಾಲು. ನೀರು ಹಾಕಿದರೆ ಬೇರು ಕೊಳೆಯುತ್ತದೆಂದು ಶಾಸ್ತ್ರೋಕ್ತವಾಗಿ ವಿವರಿಸಿದೆ.

“ತುಳಸೀ ಬಳಗ ಅಂತ ನೀವ ಹೇಳೀರಿ, ವೈನೀ. ನೀರ ಹಾಕಲಾರದ ಬರೇ ಕೈ ಮುಗದ್ರ ಹೆಂಗ್ರಿ?” ಎಂದರು ಪ್ರೇಮಾಬಾಯಿ.

ಹಣೆಗೆ ಕುಂಕುಮವಿಟ್ಟ ಮುತ್ತೈದೆಯರನ್ನು ಹೊರಗಟ್ಟುವುದು ಹೇಗೆ? ಮೊದಲ ತಂಬಿಗೆ ಮನೆಯೊಡತಿಯದೇ ಆಗಬೇಕೆಂದರು. ಹಾಕಿದೆ.

ನಮ್ಮವರು ಮಧುಕರರಾಯರು ಪತ್ರಿಕೆಯಿಂದ ತಲೆಯೆತ್ತಲಿಲ್ಲ. “ಗಿಡಾ ಸುಮ್ಮನ ಇತ್ತು. ನೀ ಯಾಕ ಅದರ ಮನೆತನಾ ಹೇಳಲಿಕ್ಕೆ ಹೋದಿ?”

ದಿನವೂ ತಂಬಿಗೆ, ದಿನವೂ ಪ್ರದಕ್ಷಿಣೆ. ಎಲೆ ಹಳದಿಯಾಯಿತು. ಭಕ್ತಿ ಸಾಲದೆಂದು ತೀರ್ಮಾನಿಸಿ ಒಬ್ಬೊಬ್ಬರೂ ಎರಡೆರಡು ತಂಬಿಗೆ ತಂದರು. ಮಾರ್ಚಿನಲ್ಲಿ ಆಕೆ ಜಲಸಮಾಧಿಯಾದಳು.

ಏಪ್ರಿಲ್ಲಿನಲ್ಲಿ ತೀರ್ಪುಗಾರರು ನನ್ನ ಕೆಸರನ್ನು ದಾಟಿ ಪ್ರೇಮಾಬಾಯಿಯ ಹಿತ್ತಲಿಗೆ ನಡೆದರು. ಅಲ್ಲಿ ಇಟ್ಟಿಗೆಚೂರುಗಳ ನಡುವೆ, ಮೈತುಂಬ ಹೂಬಿಟ್ಟ ಸಾಲ್ವಿಯಾ! ಸಂಕ್ರಾಂತಿಯಂದು ಪ್ರಸಾದವೆಂದು ಅವರು ನನ್ನ ಗಿಡದ ಬುಡದಿಂದ ಬೇರುಸಹಿತ ಕಿತ್ತೊಯ್ದ ಮರಿಯಂತೆ ಅದು. ಹೇಗೆ ಸಾಕಿದಿರೆಂದು ಹಲ್ಲುಕಚ್ಚಿ ಕೇಳಿದೆ.

“ನಿಮ್ಮನ್ಯಾಗ ನೀರ ಹಾಕಿ ಬರೂದ್ರಾಗ ಇದರ ನೆನಪರ ಎಲ್ಲಿ ಇರ್ತದ್ರಿ, ವೈನೀ?”

ದಿವಂಗತೆಯು ಬಿಟ್ಟುಹೋದದ್ದು ಇಷ್ಟು: ಕೊಳೆತ ಬೇರು, ಪ್ರದಕ್ಷಿಣೆಯಿಂದ ಸವೆದ ಅಂಗಳ, ಎದುರುಮನೆಯಲ್ಲಿ ಬಹುಮಾನ ಗೆದ್ದ ಮಗಳು, ಮತ್ತು ಆ ಮಗಳಿಗೆ ಭಕ್ತಿಯಿಂದ ನೀರೆರೆಯಲು ಮರುದಿನ ಬೆಳಿಗ್ಗೆಯೇ ತುಂಬಿದ ಕೊಡ ಹೊತ್ತು ಹೋದ ನನಗೆ, ಬೀಗ ಜಡಿದ ಗೇಟು.