ಖಾಲಿ ಗುಳ್ಳೆಗಳೂ ನನ್ನ ಕೆಂಪು ಪೆನ್ನೂ

ನನ್ನ ಹಳೆಯ ಡೈರಿಯ ಜುಲೈ ಹನ್ನೆರಡು, ಶುಕ್ರವಾರದ ಪುಟದಲ್ಲಿ ಹೀಗಿದೆ: "ಸೊಸೆಯ ಪರೀಕ್ಷೆ ಶುರು. ನಾನಿದ್ದೇನೆ, ಯೋಚನೆಯಿಲ್ಲ." ಬಿ.ಎ. ಓದಿದ ಅತ್ತೆ ಇರುವ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

ಸೊಸೆ ಮನಃಶಾಸ್ತ್ರದ ಎಂ.ಎ. ಓದುತ್ತಿದ್ದಳು. ಅಂದುಕೊಂಡದ್ದಕ್ಕೆ ಅಡ್ಡಿಯಾದಾಗ ಮನುಷ್ಯ ಏನು ಮಾಡುತ್ತಾನೆಂದು ತಿಳಿಯುವ ಪರೀಕ್ಷೆಯ ಚಿತ್ರಗಳು ಅವಳ ಹತ್ತಿರ ಇದ್ದವು. ಪ್ರತಿ ಚಿತ್ರದಲ್ಲೂ ಇಬ್ಬರು. ಒಬ್ಬರು ರೇಗಿಸುವಂಥ ಮಾತಾಡಿರುತ್ತಾರೆ; ಇನ್ನೊಬ್ಬರ ತಲೆಯ ಮೇಲೆ ಮಾತು ತುಂಬಲು ಬಿಟ್ಟ ಖಾಲಿ ಗುಳ್ಳೆ. ಅದಕ್ಕೆ ಥಟ್ಟನೆ ಹೊಳೆದ ಉತ್ತರ ಹೇಳಬೇಕು. ಊರವರ ಉತ್ತರಗಳನ್ನು ಸೋಮವಾರ ಕಾಲೇಜಿಗೆ ಒಪ್ಪಿಸದಿದ್ದರೆ ಅವಳ ಒಂದು ವರ್ಷ ಹಾಳು. ಅವಳು ಪಕ್ಕದೂರು ಜೀರಹಳ್ಳಿಯವರನ್ನು ಕೇಳಲು ಹೊರಟಳು. ನಮ್ಮ ಜಗಲಿಗೆ ಬರುವವರನ್ನು ನಾನು ವಹಿಸಿಕೊಂಡೆ.

೧. ಕೆಸರು

ಬಸ್ಸು ಒಬ್ಬಳಿಗೆ ಕೆಸರು ಹಾರಿಸಿದೆ. ಡ್ರೈವರು ನಿಲ್ಲಿಸಿ "ತಪ್ಪಾಯ್ತು" ಅನ್ನುತ್ತಿದ್ದಾನೆ. ನಮ್ಮ ಹೊಲದ ಕೆಲಸದವಳನ್ನು ಕೇಳಿದೆ.

"ನಿಂತದಲ್ಲ ಅಮ್ಮಾವ್ರೇ! ಮೊದ್ಲು ಬಸ್ ಅತ್ಕತೀನಿ, ಕೆಸ್ರು ಆಮೇಲೆ."

"ಹಾಗನ್ನಬಾರದು ಕಣೆ" ಎಂದು, ಬರೆದುಕೊಂಡಿದ್ದ ಅದನ್ನು ಹೊಡೆದುಹಾಕಿ, "ದಯವಿಟ್ಟು ನಿಧಾನವಾಗಿ ಓಡಿಸಿ" ಎಂದು ಕೆಂಪಿನಲ್ಲಿ ಬರೆದೆ.

"ಅಂಗಂತ ನಿಂತ್ರೆ ಬುಟ್ಟೋಯ್ತಾನೆ ಕಣ್ರವ್ವ!"

೨. ನಂಟು

ಒಬ್ಬಳು ಇನ್ನೊಬ್ಬಳ ಹೂದಾನಿ ಒಡೆದುಹಾಕಿದ್ದಾಳೆ. ಪಕ್ಕದ ಮನೆಯ ಅಜ್ಜನಿಗೆ ತೋರಿಸಿದೆ.

"ಒಡ್ದೋಳು ಇವ್ಳಿಗೆ ಏನಾಗ್ಬೇಕು?"

"ಗೊತ್ತಿಲ್ಲಪ್ಪ."

"ನಾದ್ನಿ ಆದ್ರೆ ಬಯ್ಯದು, ಅತ್ತೆ ಆದ್ರೆ ನುಂಗದು. ನಂಟು ಗೊತ್ತಿಲ್ದೆ ಬಾಯ್ ಬುಡಕ್ಕಾಯ್ತದಾ?"

ಹೊತ್ತು ಹೋಗುತ್ತಿತ್ತು, ಕೂತಲ್ಲಿ ಕೂರಲಾಗದೆ, "ನಾದಿನಿ ಅಂದ್ಕೋ" ಅಂದೆ.

ಅಜ್ಜ ಚಿತ್ರವನ್ನು ಮತ್ತೆ ಬೆಳಕಿಗೆ ಹಿಡಿದ. "ಇರೀ ನಾದ್ನಿಯಾ, ಕಿರಿಯೋಳಾ?"

ನಾನೇ ಬರೆದೆ: "ವಸ್ತು ತಾನೇ, ಹೋಗಲಿ ಬಿಡು."

೩. ಕೊನೆಯ ಗುಳ್ಳೆ

ಶನಿವಾರ ಸಂಜೆ ಸೊಸೆ ಬಂದು ಹಾಳೆ ತಿರುವಿದಳು. "ಅತ್ತೆ, ನಮ್ಮೂರಲ್ಲಿ ಒಬ್ಬರಿಗೂ ಕೋಪವೇ ಬರಲ್ವಾ?"

"ಬಂತು. ತಿದ್ದಿದ್ದೀನಿ."

ಅವಳು ಹಾಳೆ ಕೆಳಗಿಟ್ಟಳು. ಅಂಗಳದ ಉದ್ದಕ್ಕೂ ಓಡಾಡಿದಳು. ನಾನೂ ಹಿಂದೆಯೇ ಓಡಾಡಿದೆ. "ಏನಾದ್ರೂ ಅನ್ನೇ!"

ಕೊನೆಗೆ ಕೂತು ತಾನೇ ಒಂದು ಚಿತ್ರ ಬರೆದಳು. ಅದರಲ್ಲೂ ಇಬ್ಬರು ಹೆಂಗಸರು. ಕೆಂಪು ಪೆನ್ನು ಹಿಡಿದವಳು, "ನಿನ್ನ ಒಳ್ಳೇದಕ್ಕೇ ಮಾಡಿದೆ" ಅನ್ನುತ್ತಿದ್ದಾಳೆ. ಎದುರಿನವಳ ಗುಳ್ಳೆ ಖಾಲಿ.

"ಇವಳು ಏನಂತಾಳೆ ಅತ್ತೆ?"

ನಾನು ದುಂಡಗೆ ಬರೆದುಕೊಟ್ಟೆ: "ಇಂಥ ಅತ್ತೆ ಸಿಕ್ಕಿದ್ದು ನನ್ನ ಪುಣ್ಯ."

ಸೊಸೆ ಪೆನ್ನು ಕಿತ್ತುಕೊಂಡು, ಅಷ್ಟನ್ನೂ ಹೊಡೆದುಹಾಕಿ, ಕೆಳಗೆ ಬರೆದಳು: "ತಿದ್ದಿದ್ದೀನಿ. ನಿಮ್ಮ ಒಳ್ಳೇದಕ್ಕೇ."

ಭಾನುವಾರ ಎಲ್ಲರನ್ನೂ ಮತ್ತೆ ಕರೆಸಿ ಅವಳೇ ಕೇಳಿದಳು; ನನ್ನನ್ನು ಅಡುಗೆಮನೆಗೆ ಕಳಿಸಿದಳು. ಸೋಮವಾರ ಒಪ್ಪಿಸಿದಳು, ಪಾಸೂ ಆದಳು. ಒಟ್ಟು ಆದ ಖರ್ಚು: ತಾಳವಾಡಿ ಪೇಟೆಯಲ್ಲಿ ಖಾಲಿ ಹಾಳೆಗಳ ಹೊಸ ಜೆರಾಕ್ಸು, ಜಗಲಿ ತುಂಬ ಎರಡನೇ ಸಲದ ಕಾಫಿ, ಒಂದು ಕೆಂಪು ಪೆನ್ನು. ಪೆನ್ನು ಇನ್ನೂ ಅವಳ ಹತ್ತಿರವೇ ಇದೆ.