ಅರ್ಧ ಬೆಲೆಯ ಹಸುರು

ಕಾವೇರಮ್ಮನ ಒಂದೂವರೆ ಎಕರೆ ಹಿಪ್ಪುನೇರಳೆ ತೋಟವನ್ನು ಸರ್ವೆಯವರು ಬೀಳು ಭೂಮಿ ಎಂದು ಬರೆದುಕೊಂಡು ಹೋದರು.

ಅವರು ಬಂದದ್ದು ಕಟಾವಾದ ಮೂರನೆಯ ದಿನ. ರೇಷ್ಮೆಹುಳುವಿಗೆ ಸೊಪ್ಪು ಕೊಯ್ದು ಗಿಡವನ್ನು ಬುಡಕ್ಕೆ ಸವರಿದ ಮೇಲೆ ಗೇಣುದ್ದದ ಮೋಟುಗಳಷ್ಟೇ ಉಳಿಯುತ್ತವೆ. ಮತ್ತೆ ಸೊಪ್ಪಾಗಲು ನಲವತ್ತೈದು ದಿನ. ವಿರೂಪಾಕ್ಷಿಪುರ ಹೋಬಳಿಯಲ್ಲಿ ಕೂಸಿಗೂ ಗೊತ್ತಿರುವ ಸಂಗತಿ. ಸರ್ವೆಯವರಿಗೆ ಗೊತ್ತಾಗಬೇಕಾದರೆ ಜೀಪಿನಿಂದ ಇಳಿಯಬೇಕಿತ್ತು.

ಬೀಳು ಭೂಮಿಯೆಲ್ಲ ಹೊಸ ಕೈಗಾರಿಕಾ ಬಡಾವಣೆಗೆ ಹೋಗುತ್ತದೆ. ನೀರಾವರಿ ತೋಟವಾದರೆ ಪಟ್ಟಿಯಿಂದ ಬಿಡುತ್ತಾರೆ. ತಕರಾರಿದ್ದವರು ಫೋಟೋ ಸಮೇತ ಅರ್ಜಿ ಕೊಡಲು ಇವತ್ತು ಸಂಜೆ ಐದೂವರೆಯೇ ಕಡೆ. ನೋಟೀಸು ಬಂದದ್ದು ನಿನ್ನೆ.

ಕಾವೇರಮ್ಮನ ಮಗ ಲೋಕೇಶ್ ಚನ್ನಪಟ್ಟಣದ ಬಸ್‌ಸ್ಟ್ಯಾಂಡ್ ಪಕ್ಕ ಫೋಟೋ ಅಂಗಡಿ ಇಟ್ಟವನು. ಸಾವಿರಾರು ಮುಖ ತೆಗೆದವನ ಹತ್ತಿರ ಸ್ವಂತ ತೋಟದ್ದು ಒಂದು ಫೋಟೋ ಇರಲಿಲ್ಲ. ಬೆಳಗ್ಗೆ ಎದ್ದವನೇ ಮೋಟುಗಳದ್ದು ತೆಗೆದ. ಮುಡಿ ಕೊಟ್ಟು ಬಂದ ತಲೆಯ ಹಾಗಿತ್ತು ತೋಟ. ಇದನ್ನೇ ಕೊಡು, ಕಟಾವಾಗಿದೆ ಅಂತ ಬಾಯಲ್ಲಿ ಹೇಳು ಎಂದಳು ಕಾವೇರಮ್ಮ. ಬಾಯಲ್ಲಿ ಹೇಳಿದ್ದು ಯಾವ ಕಚೇರಿಯಲ್ಲಿ ನಡೆದಿದೆ ಎಂದು ಲೋಕೇಶ್ ಅಂಗಡಿಗೆ ಓಡಿದ. ನೆರೆ ತೋಟದ ದೊಡ್ಡಹನುಮಯ್ಯ ಕರೆಯದಿದ್ದರೂ ಹಿಂದೆಯೇ ಬಂದ.

ಹೋದ ತಿಂಗಳು ಲೋಕೇಶ್ ಫೋಟೋ ತಿದ್ದುವ ಸಿ.ಡಿ. ಒಂದನ್ನು ಅರ್ಧ ಬೆಲೆಗೆ ತಂದಿದ್ದ. ಅರ್ಧ ಬೆಲೆಗೆ ಅರ್ಧವೇ ಸಾಮಾನು. ಸೇರಿಸುವ ಸಲಕರಣೆಗಳೆಲ್ಲ ಇದ್ದವು. ಅಳಿಸುವ ಗುಂಡಿ ಒತ್ತಿದರೆ ಮಿಕ್ಕರ್ಧ ಬೆಲೆ ಕೊಡಿ ಎನ್ನುತ್ತಿತ್ತು. ಅದನ್ನು ಬಳಸುವ ಪಾಠಕ್ಕೆ ಪಕ್ಕದ ತಾಜ್ ಪಾಷಾನ ಸೈಬರ್ ಸೆಂಟರ್ ಇತ್ತು. ಅಲ್ಲಿ ಇಂಗ್ಲಿಷ್ ವಿಡಿಯೋಗಳು ಎತ್ತಿನ ಗಾಡಿಯ ವೇಗದಲ್ಲಿ ಬರುತ್ತಿದ್ದವು.

ಒಂದು ಮದುವೆ ಫೋಟೋದ ಚಪ್ಪರದಿಂದ ಸೊಪ್ಪು ಕಿತ್ತು ಮೋಟುಗಳಿಗೆ ಅಂಟಿಸಿದ. ಸೊಪ್ಪಿನ ಜೊತೆ ಎರಡು ಸೀರಿಯಲ್ ಬಲ್ಬೂ ಬಂದವು. ಅವುಗಳ ಮೇಲೆ ಇನ್ನಷ್ಟು ಸೊಪ್ಪು ಹೊದಿಸಿದ. ಹನ್ನೆರಡಕ್ಕೆ ಹೋದ ಕರೆಂಟು ಎರಡಕ್ಕೆ ಬಂತು. ಆಗ ದೊಡ್ಡಹನುಮಯ್ಯ, ಬರೀ ಹಸುರು ತೋರಿಸಿದರೆ ಮಳೆ ನೆಚ್ಚಿದ ಹೊಲ ಅಂತಾರೆ, ನೀರು ಕಾಣಬೇಕು ಎಂದು ಹೊಸ ಹುಳ ಬಿಟ್ಟ. ಕೊಳವೆಬಾವಿ ಇದ್ದದ್ದು ನಿಜ, ಫೋಟೋದಲ್ಲಿ ಬಿದ್ದಿರಲಿಲ್ಲ. ತಾಜ್ ಪಾಷಾ ನೀರಿನ ಪಾಠ ಹುಡುಕಿಕೊಟ್ಟ. ಯಾವುದೋ ಹಿಮದ ಬೆಟ್ಟದ ಸರೋವರ. ನೀರು ಸುರಿಯುವುದನ್ನು ಕಲಿಸಿ, ನಿಲ್ಲಿಸುವುದನ್ನು ಕಲಿಸುವ ಮೊದಲೇ ವಿಡಿಯೋ ನಿಂತುಹೋಯಿತು.

ಸಾಲುಗಳ ನಡುವೆ ನೀರು ಹಬ್ಬಿತು. ಗಿಡಗಳ ನೆರಳು ತಲೆಕೆಳಗಾಗಿ ಅದರಲ್ಲಿ ಬಿತ್ತು.

“ಇನ್ನೊಸಿ ಬುಡ್ಲಾ,” ಎಂದ ದೊಡ್ಡಹನುಮಯ್ಯ. “ಒಂದು ದಿನನಾದ್ರೂ ವೊಟ್ಟೆ ತುಂಬ ಕುಡೀಲಿ.”

ಪ್ರಿಂಟು ತೆಗೆದ ತಾಜ್ ಪಾಷಾ ಅದನ್ನು ಬೆಳಕಿಗೆ ಹಿಡಿದು ನೋಡಿದ. “ಮೀನೂ ಬುಡ್ಬೋದು ಕಣ್ಲಾ ಇದ್ರಾಗೆ.”

ಮತ್ತೆ ಮೊದಲಿನಿಂದ ಮಾಡಲು ಹೊತ್ತಿರಲಿಲ್ಲ. ತೋಟದ ಖಾತೆ ಕಾವೇರಮ್ಮನ ಹೆಸರಲ್ಲಿತ್ತು. ಅವಳನ್ನು ಊರಿಂದ ಕರೆಸಿಕೊಂಡು ಲೋಕೇಶ್ ನಾಲ್ಕರ ಬಸ್ಸಿಗೆ ರಾಮನಗರಕ್ಕೆ ಹೊರಟ.

ಕಚೇರಿಯಲ್ಲಿ ನಂಜುಂಡಯ್ಯ ಎಂಬ ಅಧಿಕಾರಿ ಫೋಟೋವನ್ನು ಬಹಳ ಹೊತ್ತು ನೋಡಿದರು. ತೋಟ ನೋಡಲು ಅಷ್ಟು ಹೊತ್ತು ಕೊಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

“ಬೀಳು ಅಂತ ಬರೆದದ್ದು ನಮ್ಮ ತಪ್ಪು,” ಎಂದರು.

ಲೋಕೇಶನಿಗೆ ಉಸಿರು ಬಂತು.

“ಇದು ಕೆರೆ ಅಂಗಳ. ನೀವು ಒತ್ತುವರಿ ಮಾಡಿದ್ದೀರಿ. ಸರ್ಕಾರದ ಜಾಗ, ಏಳು ದಿನದಲ್ಲಿ ಬಿಡಬೇಕು.”

ಇದ್ದ ತೋಟ ಕಾಣದ ಕಣ್ಣಿಗೆ ಇಲ್ಲದ ಕೆರೆ ಕಂಡಿತ್ತು. ನೀರು ತಾನೇ ಹಾಕಿದ್ದು ಎಂದು ಲೋಕೇಶ್ ಒಪ್ಪಿಕೊಂಡ. ಜೇಬಿನಿಂದ ಬೆಳಗಿನ ಮೋಟುಗಳ ಫೋಟೋ ತೆಗೆದು ಮೇಜಿನ ಮೇಲಿಟ್ಟ. ನಂಜುಂಡಯ್ಯ ಎರಡನ್ನೂ ಪಕ್ಕಪಕ್ಕ ಇಟ್ಟು ನಕ್ಕರು.

“ಈ ಮೋಟುಗಳದ್ದೇ ಸುಳ್ಳು ಫೋಟೋ. ನೀರು, ಸೊಪ್ಪು ಎಲ್ಲ ಅಳಿಸಿದ್ದೀರಿ.”

“ಅಳ್ಸೋ ಟೂಲು ನನ್ನತ್ರ ಇಲ್ಲ ಸಾರ್. ಅರ್ಧ ರೇಟಿನ ಸಿ.ಡಿ. ಅದು.”

ಕೆರೆಯ ಫೋಟೋ ಸುಳ್ಳು ಅಂತ ಬರೆದುಕೊಟ್ಟರೆ ಪೊಲೀಸರಿಗೆ ಕೊಡುತ್ತೇನೆ, ನಿಜ ಅಂತಾದರೆ ಜಾಗ ಬಿಡಿ ಎಂದ ನಂಜುಂಡಯ್ಯ, ಜಾಗ ಬಿಡುವ ಒಪ್ಪಿಗೆ ಕಾಗದದ ಜೊತೆ ಶಾಯಿಯ ಡಬ್ಬಿಯನ್ನು ಕಾವೇರಮ್ಮನ ಕಡೆಗೆ ತಳ್ಳಿದರು. ಪೊಲೀಸು ಎಂಬ ಮಾತು ಕೇಳಿದ್ದೇ ಲೋಕೇಶ್ ಡಬ್ಬಿಯ ಮುಚ್ಚಳ ತೆಗೆದ.

“ಒತ್ಬುಡವ್ವ. ಆಮೇಲೆ ನೋಡಾನ.”

ಕಾವೇರಮ್ಮ ಮಗನನ್ನು ನೋಡಿದಳು, ಫೋಟೋದ ಕೆರೆಯನ್ನು ನೋಡಿದಳು. ಮೂರು ದಿನ ಸೊಪ್ಪು ಕೊಯ್ದು ಹಸುರುಗಟ್ಟಿದ್ದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಚಿಕೊಂಡಳು.

“ನಾನು ಮೋಟು ಕೊಡು ಅಂದೆ, ನೀನು ಕೆರೆ ಕೊಟ್ಟೆ. ಇವ್ರು ಬಂದು ಅದ್ರಾಗೆ ಒಂದು ಬಿಂದ್ಗೆ ನೀರು ಮೊಗೀಲಿ. ಅಲ್ಲೀಗಂಟ ನಾನು ಒತ್ತಕಿಲ್ಲ.”