ಬ್ರಾಂದಿ ಬಾಟಲಿಯ ಸಕ್ಕರೆ ಪಾಕ

ನಮ್ಮ ದೊಡ್ಡಮ್ಮನ ಅಡುಗೆಮನೆಗೆ ಮೊದಲ ಸಲ ಬಂದವರು ಇದೇನು ಮನೆಯೋ ಬ್ರಾಂದಿ ಅಂಗಡಿಯೋ ಎಂದು ಹೊಸಿಲಲ್ಲೇ ನಿಂತುಬಿಡುತ್ತಾರೆ! ಗೂಡಿನ ತುಂಬ ಬ್ರಾಂದಿ ಬಾಟಲಿಗಳ ಸಾಲು. ಒಳಗಿರುವುದು ಮಾತ್ರ ಬರೀ ಸಕ್ಕರೆ ಪಾಕ. ದೊಡ್ಡಪ್ಪ ಕುಡಿತ ಬಿಟ್ಟು ಎಷ್ಟೋ ವರ್ಷವಾಯಿತು. ಅವರು ಬಿಟ್ಟ ಬಾಟಲಿಗಳನ್ನು ದೊಡ್ಡಮ್ಮ ಬಿಡಲಿಲ್ಲ, ಅಷ್ಟೆ.

"ಬ್ರಾಂದಿ ಬುಟ್ರೂ ನನ್ ಮರ್ವಾದೆ ಉಳೀನಿಲ್ವಲ್ಲಮ್ಮೀ" ಎಂದು ಅವರು ಗೊಣಗಿದರೆ, "ಉಳ್ಯಾಕೆ ಮೊದ್ಲು ಇರ್ಬೇಕಲ್ಲ!" ಎನ್ನುತ್ತಾಳೆ ಈಕೆ.

ಶರಬತ್ತಿನ ತಳದಲ್ಲಿ ಕರಗದ ಸಕ್ಕರೆ ಕಂಡರೆ ದೊಡ್ಡಮ್ಮನಿಗೆ ಮೈಯೆಲ್ಲ ಉರಿ. ಅದಕ್ಕೇ ಈ ಪಾಕ. ಒಂದು ಲೋಟ ಸಕ್ಕರೆಗೆ ಒಂದು ಲೋಟ ನೀರು, ಕುದಿಯುವಾಗ ಕೊಳೆ ಮೇಲೇಳಲು ಒಂದು ಚಮಚ ಹಾಲು, ಹರಳುಗಟ್ಟದಿರಲು ನಾಲ್ಕು ಹನಿ ನಿಂಬೆರಸ. ಬೆರಳಿಗೆ ಅಂಟಿದ ಕೂಡಲೇ ಇಳಿಸಿ ಪಂಚೆಯ ತುಂಡಿನಲ್ಲಿ ಸೋಸಬೇಕು. ಎಳೆ ಬಂದುಬಿಟ್ಟರೆ? "ಜಾಮೂನು ಕುಡೀಲಿ ಬುಡು, ಮನುಸ್ರಿಗೆ ಬ್ಯಾಡ!" ಯಾರ ಮನೆಗೆ ಹೋದರೂ ಚೀಲದಲ್ಲಿ ಪಾಕದ ಬಾಟಲಿ ಇದ್ದೇ ಇರುತ್ತದೆ.

ಒಮ್ಮೆ ಚುನಾವಣೆಯ ಸಮಯದಲ್ಲಿ ತಿಪ್ಪಸಂದ್ರದಿಂದ ಮಾಗಡಿಗೆ ಹೊರಟ ಬಸ್ಸನ್ನು ಪೊಲೀಸರು ತಡೆದರು. ದೊಡ್ಡಮ್ಮನ ಚೀಲದಲ್ಲಿ ಆರು ಬಾಟಲಿ!

"ಏನಜ್ಜಿ, ಯಾರಿಗೆ ಹಂಚೋಕೆ ಇದು?"

"ನಿಂಗೇ ಕಣಪ್ಪ, ಒಸಿ ಅಂಗೈ ಒಡ್ಡು."

ಆತ ನೆಕ್ಕಿ ನೋಡಿದ. ಹಿಂದೆಯೇ ಇನ್ನಿಬ್ಬರು ಪೊಲೀಸರು ಅಂಗೈ ಒಡ್ಡಿ ನಿಂತರು. ಆವತ್ತು ಬಸ್ಸು ಮಾಗಡಿ ತಲುಪಿದ್ದು ತಡವಾಗಿ.

ಈ ಕತೆಯನ್ನು ನಾನು ಎಲ್ಲರಿಗೂ ನಗುತ್ತಾ ಹೇಳುತ್ತೇನೆ. ಮುಂದಿನದನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿಲ್ಲ.

ಹೋದ ವರ್ಷ ರಾಮನಗರದಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ. ಬಿಡದಿಯಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯ ಮ್ಯಾನೇಜರ್ ಹೆಂಡತಿಯೊಂದಿಗೆ ಬಂದಿದ್ದರು. ನನ್ನ ಬಡ್ತಿಯ ಕಾಗದ ಅವರ ಮೇಜಿನ ಮೇಲಿತ್ತು. ಅವರನ್ನು ಸೋಫಾದಲ್ಲಿ ಕೂರಿಸಿ ಹಲ್ಲು ಕಿರಿಯುತ್ತಿದ್ದೆ. ಅಷ್ಟರಲ್ಲಿ ಬಂದಳು ನೋಡಿ ದೊಡ್ಡಮ್ಮ! ಸೆರಗು ಸೊಂಟಕ್ಕೆ, ಲೋಟಗಳ ತಟ್ಟೆ ಕೈಯಲ್ಲಿ, ಬ್ರಾಂದಿ ಬಾಟಲಿ ಕಂಕುಳಲ್ಲಿ!

"ಇವರು ಯಾರು?" ಎಂದರು ಮ್ಯಾನೇಜರ್ ಹೆಂಡತಿ, ಬಾಟಲಿಯನ್ನೇ ನೋಡುತ್ತಾ.

"ಅಡುಗೆಗೆ ಬಂದವರು ಮೇಡಂ" ಎಂದುಬಿಟ್ಟೆ.

ಎಂಟು ವರ್ಷ ಅವಳ ಮನೆಯಲ್ಲಿ ಉಂಡು, ಅವಳ ಪಕ್ಕ ಮಲಗಿ ಸ್ಕೂಲಿಗೆ ಹೋದವನು ನಾನು! ದೊಡ್ಡಮ್ಮನಿಗೆ ಕೇಳಿಸಿತು. ತಟ್ಟೆಯನ್ನು ಕೆಳಗಿಟ್ಟಳು. ಆಮೇಲೆ ನಿಂಬೆರಸಕ್ಕೆ ಪಾಕ ಬೆರೆಸಿ, "ತಕ್ಕಳಿ ಸ್ವಾಮಿ" ಎಂದು ಕೊಟ್ಟಳು.

ಮ್ಯಾನೇಜರ್ ಎರಡು ಲೋಟ ಕುಡಿದರು. "ಅದ್ಭುತವಾಗಿದೆಯಮ್ಮ! ಮುಂದಿನ ತಿಂಗಳು ನಮ್ಮ ಮಗಳ ನಿಶ್ಚಿತಾರ್ಥಕ್ಕೆ ನೀವೇ ಬರಬೇಕು."

"ನಾನು ಎಲ್ಲಾ ಕಡೀಕೂ ಓಗಾಕಿಲ್ಲ ಸ್ವಾಮಿ. ನಮ್ ಮಕ್ಳು ಮನೇಗೆ ಮಾತ್ರ."

ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವಳು ಊಟವಾದ ಕೂಡಲೇ ಊರಿಗೆ ಹೊರಟುಹೋದಳು. ಬಡ್ತಿ ಬಂತು. ನಾಚಿಕೆಯಿಂದ ಮೂರು ವಾರ ಅತ್ತ ತಲೆಹಾಕಲಿಲ್ಲ. ಕೊನೆಗೊಂದು ಭಾನುವಾರ ಕ್ಷಮೆ ಕೇಳಲೆಂದು ತಿಪ್ಪಸಂದ್ರಕ್ಕೆ ಹೋದೆ. ದೊಡ್ಡಮ್ಮ ಆರು ಬಾಟಲಿಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. ಒಂದರ ಮೇಲೂ ಬ್ರಾಂದಿಯ ಚೀಟಿ ಇರಲಿಲ್ಲ. ಎಲ್ಲವನ್ನೂ ನೆನೆಸಿ, ಉಗುರಿನಲ್ಲಿ ಕೆರೆದು ತೆಗೆದಿದ್ದಳು.

"ಬಂದ್ಯಾ ಮಗ? ಇವ್ನ ನಿಮ್ ಸಾಹೇಬ್ರ ಮಗಳ ನಿಶ್ಚಿತಾರ್ಥಕ್ಕೆ ಕೊಟ್ಬುಡು. ಅಡುಗೆಯೋಳು ಕೊಟ್ಟವ್ಳೆ ಅಂತ್ಲೇ ಯೋಳು. ನಿನ್ ಮಾತು ಸುಳ್ಳಾಗ್ಬಾರ್ದು."

ನಾನು ಅಲ್ಲೇ ಕೂತು ಅವಳ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ.

"ಬುಡ್ಲಾ, ಬಾಟ್ಲು ಉರುಳ್ತವೆ" ಎಂದು ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. ಕೈ ಇನ್ನೂ ಅಂಟಂಟಾಗಿತ್ತು.